ಗುರಿಕಾರನ ವಾಸನೆ

ಗಂಡು ಬೆಕ್ಕಿನ ಉಚ್ಚೆಯ ವಾಸನೆ ಬಲ್ಲವರಿಗೆ ಅದನ್ನು ವರ್ಣಿಸಬೇಕಾಗಿಲ್ಲ, ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಕೊಳೆತ ಈರುಳ್ಳಿ, ಒದ್ದೆ ಕಂಬಳಿ, ಸುಟ್ಟ ರಬ್ಬರು ಎಂದೆಲ್ಲ ಹೇಳುತ್ತ ಹೋಗಬಹುದು, ಅದು ಇದಾವುದೂ ಅಲ್ಲ. ವಾರಿಜಾಕ್ಷಿಯ ಮಟ್ಟಿಗೆ ಅದು ಲೋಕದಲ್ಲೇ ಅತಿ ಹೇಸಿಗೆಯ ವಸ್ತು. ಹೇಸಿಗೆಯ ಬಗ್ಗೆ ಮಾತಾಡುವ ಅಧಿಕಾರವೂ ಅವಳಿಗಿತ್ತು. ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಮನುಷ್ಯರ ಮೂತ್ರ ಪರೀಕ್ಷೆ ಮಾಡಿದವಳು ಅವಳು. ಬಾಟಲಿಗೆ ಪಟ್ಟಿ ಅದ್ದುವ ಮೊದಲು ಒಮ್ಮೆ ಮೂಸಿ ನೋಡುವುದು ಅಲ್ಲಿನ ಹಿರಿಯರು ಕಲಿಸಿದ ಕ್ರಮ. ಯಂತ್ರ ಹೇಳುವುದಕ್ಕಿಂತ ಮೊದಲೇ ಅವಳ ಮೂಗು ಹೇಳಿಬಿಡುತ್ತಿತ್ತು, ತಪ್ಪುತ್ತಿದ್ದದ್ದು ಕಡಿಮೆ. ಆದರೆ ಮನೆಗೆ ಬಂದು ಮೂರು ಸಲ ಸೋಪು ಹಾಕಿ ಕೈ ತೊಳೆದರೂ, ಅನ್ನದ ತುತ್ತು ಬಾಯಿಗಿಡುವಾಗ ಆ ಬಾಟಲಿಗಳ ಸಾಲೇ ಕಣ್ಣ ಮುಂದೆ ಬರುತ್ತಿತ್ತು.

‘ಸ್ವಸ್ಥ ಮಾರ್ಜಾಲ’ ಎಂಬ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ ಅವಳು ಎರಡು ಮಾತಾಡದೆ ಸೇರಿಕೊಂಡದ್ದು ಅದಕ್ಕೇ. ಅಲ್ಲಿಯೂ ಕೆಲಸ ಮೂತ್ರದ್ದೇ, ಆದರೆ ಮೂಸಬೇಕಾಗಿರಲಿಲ್ಲ. ಗಾಜಿನ ಗೋಡೆಯ, ತಣ್ಣಗಿನ, ಲ್ಯಾವೆಂಡರ್ ಪರಿಮಳದ ಕೋಣೆಯಲ್ಲಿ ಕುಳಿತು ಗೋಡೆಯ ಮೇಲಿನ ನಕ್ಷೆಯಲ್ಲಿ ಚುಕ್ಕಿಗಳನ್ನು ನೋಡುತ್ತಿದ್ದರೆ ಆಯಿತು. ಒಂದೊಂದು ಚುಕ್ಕಿಯೂ ಒಂದೊಂದು ಮನೆಯ ಬೆಕ್ಕಿನ ತಟ್ಟೆ.

ಆ ಹೊತ್ತಿಗೆ ಊರಲ್ಲಿ ಬೆಕ್ಕಿಲ್ಲದ ಮನೆಯೇ ಇರಲಿಲ್ಲ. ಕಡಲು ಮೇಲೇರಿ ಬಂದರಿನ ತಗ್ಗಿನ ಬೀದಿಗಳು ಖಾಲಿಯಾದಾಗ ಜನರ ಹಿಂದೆಯೇ ಇಲಿ ಹೆಗ್ಗಣಗಳೂ ಗುಡ್ಡ ಹತ್ತಿ ಫ್ಲ್ಯಾಟುಗಳಿಗೆ ಬಂದಿದ್ದವು. ವಿಷಕ್ಕೆ ಬಗ್ಗಲಿಲ್ಲ, ಬೋನಿಗೆ ಬೀಳಲಿಲ್ಲ. ಕೊನೆಗೆ ಹಳೆಯ ಉಪಾಯವೇ ಗತಿಯಾಗಿ, ಹದಿನಾಲ್ಕನೇ ಮಹಡಿಯವರೂ ಬೆಕ್ಕು ಸಾಕಿದರು. ಸಾಕಿದ ಮೇಲೆ ಅದು ಉಚ್ಚೆ ಹೊಯ್ಯದೆ ಇರುತ್ತದೆಯೇ? ಅದಕ್ಕೊಂದು ತಟ್ಟೆ, ತಟ್ಟೆಯಲ್ಲಿ ಉಚ್ಚೆ ಸೋಸುವ ಹರಳು. ಕಂಪನಿಯ ಜಾಣತನ ಇದ್ದದ್ದು ಆ ತಟ್ಟೆಯ ತಳದಲ್ಲಿ.

ಬೆಕ್ಕಿನ ಮೂತ್ರಪಿಂಡ ಬಲು ಮೋಸದ ಅಂಗ. ಮೂರರಲ್ಲಿ ಎರಡು ಪಾಲು ಸವೆದು ಹೋಗುವವರೆಗೂ ಅದು ಬಾಯಿ ಬಿಡುವುದಿಲ್ಲ. ಬೆಕ್ಕು ಉಣ್ಣುತ್ತದೆ, ಹಾರುತ್ತದೆ, ರಕ್ತ ಪರೀಕ್ಷೆಯೂ ಎಲ್ಲ ಸರಿ ಎನ್ನುತ್ತದೆ. ಗೊತ್ತಾಗುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆದರೆ ಮೂತ್ರದಲ್ಲಿ ಸುಳಿವು ಮೊದಲೇ ಇರುತ್ತದೆ. ಮೂತ್ರಪಿಂಡದ ಸಣ್ಣ ನಾಳಗಳು ತಾವಾಗಿಯೇ ಒಂದು ಪ್ರೋಟೀನು ತಯಾರಿಸಿ ಮೂತ್ರಕ್ಕೆ ಬಿಡುತ್ತವೆ. ನಾಳಗಳು ಸವೆಯಲು ತೊಡಗಿದರೆ ಪ್ರೋಟೀನು ಇಳಿಯುತ್ತದೆ. ತಟ್ಟೆಯ ತಳದಲ್ಲಿದ್ದ ಪೊರೆ ಈ ಪ್ರೋಟೀನನ್ನು ಅಳೆದು ಕಂಪನಿಗೆ ತಿಳಿಸುತ್ತಿತ್ತು. ಹೆಣ್ಣಿಗೊಂದು ಅಳತೆ, ಗಂಡಿಗೊಂದು ಅಳತೆ, ಬೀಜ ತೆಗೆಸಿದ್ದಕ್ಕೆ ಇನ್ನೊಂದು. ಸರಿಯಿದ್ದರೆ ಹಸಿರು, ಇಳಿಯುತ್ತಿದ್ದರೆ ಹಳದಿ, ತೀರ ಇಳಿದರೆ ಕೆಂಪು. ಕೆಂಪು ಬಂತೆಂದರೆ ಇನ್ನೆರಡು ವರ್ಷದಲ್ಲಿ ಈ ಬೆಕ್ಕು ಒಣಗಿ, ವಾಂತಿ ಮಾಡಿ ಸಾಯುತ್ತದೆ ಎಂದರ್ಥ. ಈ ಪ್ರೋಟೀನಿಗೆ ಇನ್ನೊಂದು ಗುಣವಿತ್ತು. ಬೆಕ್ಕಿನ ಉಚ್ಚೆಗೆ ಆ ನಾತ ಬರುವುದೇ ಅದರಿಂದ. ಈ ಸಂಗತಿ ಕಂಪನಿಯ ಪುಸ್ತಕದ ಮೂವತ್ತೊಂದನೇ ಪುಟದಲ್ಲಿತ್ತು. ವಾರಿಜಾಕ್ಷಿ ತರಬೇತಿಯಲ್ಲಿ ಅದನ್ನು ಓದಿ, ಮುಖ ಕಿವುಚಿ, ಪುಟ ಮಗುಚಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಕೆಂಪು ಬಂದ ಬೆಕ್ಕಿಗೆ ಪಥ್ಯ ಮಾಡಿಸಿ, ನೀರು ಹೆಚ್ಚು ಕುಡಿಸಿ ನಾಲ್ಕು ವರ್ಷ ಬದುಕಿಸಬಹುದು ಎಂದು ಈ ವಿದ್ಯೆ ಕಂಡುಹಿಡಿದವರು ಹೇಳಿದ್ದರು. ಆದರೆ ನಮ್ಮವರಿಗೆ ಪಥ್ಯಕ್ಕಿಂತ ಎಕ್ಸ್‌ಚೇಂಜ್ ಪ್ರಿಯ. ಹಳೆಯ ಕುಕ್ಕರ್ ಕೊಟ್ಟು ಹೊಸದು ತಂದ ಕೈ, ಹಳೆಯ ಮಿಕ್ಸಿ ಕೊಟ್ಟು ಹೊಸದು ತಂದ ಕೈ. ಕಂಪನಿಗೆ ಅದು ಗೊತ್ತಿತ್ತು. ಕೆಂಪು ಬಂದ ಬೆಕ್ಕನ್ನು ಒಯ್ದು, ಅದೇ ದಿನ, ಮೊದಲೇ ಗರ್ಭಕೋಶ ತೆಗೆಸಿದ ಬಿಳಿ ಹೆಣ್ಣು ಮರಿಯೊಂದನ್ನು ಹೊಸ ತಟ್ಟೆಯ ಸಮೇತ ಕೊಡುವ ‘ಬದಲಿ ಸೇವೆ’ ಶುರುವಾಯಿತು. ಆ ಮರಿಗಳ ಉಚ್ಚೆ ನೀರಿನಂತೆ, ನಾತವೇ ಇಲ್ಲವೆನ್ನಬಹುದು. ಹಳೆಯ ಬೆಕ್ಕುಗಳನ್ನು ಕಚೇರಿಯ ಹಿಂದಿನ ಶೆಡ್ಡಿನಲ್ಲಿ, ‘ವಿಶ್ರಾಂತಿ ವಿಭಾಗ’ದಲ್ಲಿ, ಕೊನೆಯವರೆಗೂ ಆರೈಕೆ ಮಾಡುತ್ತೇವೆ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಕೊನೆ ಎಂದರೆ ಯಾವಾಗ ಎಂದು ಯಾರೂ ಕೇಳಲಿಲ್ಲ.

ವಾರಿಜಾಕ್ಷಿಯೂ ಕೇಳಲಿಲ್ಲ. ಅವಳ ಮನೆಯ ಬೆಕ್ಕೂ ಅಲ್ಲಿಗೇ ಹೋಗಿತ್ತು.

ಅದನ್ನು ತಂದವನು ಅವಳ ಗಂಡ ಯತೀಂದ್ರ. ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ ಅವನಿಗೆ. ಹರಿದ ಕಿವಿಯ, ಬೂದು ಬಣ್ಣದ, ದಪ್ಪ ಕೆನ್ನೆಯ ಗಂಡು ಅದು. ನಡೆಯುವಾಗ ಜಾತಿ ಪಂಚಾಯಿತಿಗೆ ಹೊರಟ ಮುಖಂಡನ, ಗುರಿಕಾರನ, ಗತ್ತು ಇದ್ದದ್ದರಿಂದ ಹೆಸರೂ ಗುರಿಕಾರ ಎಂದೇ ಆಯಿತು. ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ಆದರೆ ಬಾಗಿಲು, ಸೋಫಾ, ವಾಷಿಂಗ್ ಮೆಶಿನ್, ಒಮ್ಮೆ ಒಣಗಿಸಿಟ್ಟ ರೇಷ್ಮೆ ಸೀರೆ, ಎಲ್ಲದರ ಮೇಲೂ ಅವನ ಸಹಿ ಬೀಳುತ್ತಿತ್ತು. ಯತೀಂದ್ರ ನಗುತ್ತಿದ್ದ. ದಿನವಿಡೀ ಮೀನಿನ ನಡುವೆ ಇದ್ದವನಿಗೆ ಮೂಗು ಎಂಬುದು ಮುಖದ ಅಲಂಕಾರ ಅಷ್ಟೆ.

ಸಹಿಸಬೇಕಾದವಳು ಅವಳು. ಫಿನಾಯಿಲು ಹಾಕಿದಳು, ಸೋಡಾಪುಡಿ ಹಾಕಿದಳು, ಕೊನೆಗೆ ತಾಯಿಯ ಮನೆಯ ಕ್ರಮಕ್ಕೇ ಬಂದಳು. ಕರಾವಳಿಯ ಹೆಂಗಸರಿಗೆ ಮೀನಿನ ಲೋಳೆ ತೆಗೆಯಲು, ಹಿತ್ತಾಳೆ ಬೆಳಗಲು ಬಿಂಬುಳಿಯೇ ಬೇಕು. ಹಲ್ಲು ಚುಳ್ಳೆನ್ನುವಷ್ಟು ಹುಳಿಯ ಆ ಕಾಯಿಯನ್ನು ಜಜ್ಜಿ ಉಜ್ಜಿದರೆ ಯಾವ ನಾತವೂ ನಿಲ್ಲುವುದಿಲ್ಲ. ದಿನಕ್ಕೆರಡು ಸಲ ಹರಳು ತೆಗೆದು, ತಟ್ಟೆಯ ತಳಕ್ಕೆ ಬಿಂಬುಳಿ ಉಜ್ಜಿ, ಬಿಸಿಲಿಗಿಟ್ಟು ಮತ್ತೆ ಹರಳು ತುಂಬುತ್ತಿದ್ದಳು. ಮೂರು ತಿಂಗಳಾಗುವಷ್ಟರಲ್ಲಿ ತಟ್ಟೆ ಹಳದಿಯಾಗಿ, ಕೆಂಪಾಯಿತು. ಅವಳು ಮಾರನೇ ದಿನವೇ ಬದಲಿ ಸೇವೆಗೆ ಫೋನು ಮಾಡಿದಳು. ಗಂಡ ಕೆಲಸಕ್ಕೆ ಹೋಗಿದ್ದಾಗಲೇ ಬುಟ್ಟಿ ಬಂತು, ಬುಟ್ಟಿ ಹೋಯಿತು.

ಸಂಜೆ ಯತೀಂದ್ರ ಬಂದು ಚಪ್ಪಲಿ ಬಿಟ್ಟು, ಬೂತಾಯಿ ಮೀನಿನ ತಲೆಗಳ ಪೊಟ್ಟಣ ಹಿಡಿದು ನಿಂತ. ಸೋಫಾದ ಮೇಲೆ ಬಿಳಿ ಮರಿ ಕೂತಿತ್ತು.

“ಅವ ಎಲ್ಲಿ?”

“ಕೆಂಪು ಬಂದಿತ್ತಲ್ಲ. ಹೇಗೂ ಸಾಯುವ ಬೆಕ್ಕು. ಅಲ್ಲಿ ಡಾಕ್ಟ್ರು ಇದ್ದಾರೆ, ನೋಡಿಕೊಳ್ತಾರೆ” ಎಂದಳು.

“ನಿನ್ನೆ ರಾತ್ರಿ ಎರಡು ಹೆಗ್ಗಣ ಹಿಡಿದಿದ್ದಾನೆ.”

“ಹೊರಗೆ ಗೊತ್ತಾಗುದಿಲ್ಲ. ಒಳಗಿಂದ ಹೋಗಿರ್ತದೆ.”

“ನಂಗೂ ಐವತ್ತೆರಡು ಆಯ್ತು ಮಾರಾಯ್ತಿ. ಒಂದು ಸಲ ನನ್ನ ಒಳಗೂ ನೋಡ್ಸು” ಎಂದು ಅವನು ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ ಸ್ನಾನಕ್ಕೆ ಹೋದ. ಅದಾದ ಮೇಲೆ ಗುರಿಕಾರನ ಹೆಸರನ್ನು ಅವನು ಎತ್ತಲಿಲ್ಲ. ಬಿಳಿ ಮರಿಯನ್ನು ಮುಟ್ಟಲೂ ಇಲ್ಲ. ಜಗಳವಾಡಿದ್ದರೆ ಅವಳು ಗೆಲ್ಲುತ್ತಿದ್ದಳು, ಅವನು ಆ ಅವಕಾಶ ಕೊಡಲಿಲ್ಲ.

ಒಂಬತ್ತು ವಾರ ಕಳೆದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಗಾಜಿನ ಕೋಣೆಯ ನಕ್ಷೆಯಲ್ಲಿ ಹೊಸ ಚುಕ್ಕಿಗಳು ಹುಟ್ಟಿಕೊಂಡವು. ಎಲ್ಲ ಒಂದೇ ಕಡೆ, ಇವರ ಕಟ್ಟಡದ ಹಿಂಭಾಗದಲ್ಲೇ. ವಾರಿಜಾಕ್ಷಿ ಎಣಿಸಿದಳು, ನಲವತ್ತಮೂರು. ಎಲ್ಲವೂ ಹಸಿರು.

ವಿಶ್ರಾಂತಿ ವಿಭಾಗದಲ್ಲಿ ಹಸಿರೆಂದರೆ ಆಸ್ಪತ್ರೆಯ ಶವಾಗಾರದಲ್ಲಿ ನಾಡಿ ಬಡಿದಂತೆ. ತಟ್ಟೆ ಕೆಟ್ಟಿರಬೇಕೆಂದು ಅವಳು ಶೆಡ್ಡಿಗೆ ನಡೆದಳು. ಎರಡು ವರ್ಷದಲ್ಲಿ ಅದೇ ಮೊದಲ ಸಲ.

ಬಾಗಿಲು ತೆರೆದದ್ದೇ ತಡ, ಆ ನಾತ ಎದೆಗೆ ಒದ್ದಿತು. ಕಣ್ಣಲ್ಲಿ ನೀರು ಬಂತು, ಬೆಳಗಿನ ಇಡ್ಲಿ ಗಂಟಲಿಗೆ ಬಂತು. ಸೆರಗು ಮೂಗಿಗೊತ್ತಿ ನಿಂತಳು. ಒಂದರ ಮೇಲೊಂದು ಪಂಜರ, ಒಂದೊಂದರಲ್ಲೂ ಒಂದು ಬೆಕ್ಕು, ಒಂದು ತಟ್ಟೆ. ನೆಲಕ್ಕೆ ನೀರು ಬಿಡುತ್ತಿದ್ದ ಸೇಸಪ್ಪಣ್ಣ ಪೈಪು ತಗ್ಗಿಸಿದ. ಅರುವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

“ಹಳೇ ಸಾದಾ ತಟ್ಟೆ ಎಲ್ಲ ತೂತಾಗಿತ್ತು ಅಕ್ಕ. ಸ್ಟೋರಿಂದ ಮನೆಗಳಿಗೆ ಕೊಡುವ ಹೊಸತು ತಂದು ಇಟ್ಟೆ ನಿನ್ನೆ. ಏನಾದ್ರೂ ತೊಂದರೆ ಆಯ್ತಾ?”

“ಎಂತದ್ರಲ್ಲಿ ತೊಳೀತೀರಿ ಇದನ್ನು?”

“ನೀರು. ಮತ್ತೆಂತ ಕೊಡ್ತಾರೆ ನಮಗೆ?”

ಅವಳು ಸೆರಗು ಸರಿಸಿದಳು. ಸರಿಸಬೇಕೆಂದು ಅಂದುಕೊಂಡದ್ದಲ್ಲ, ಇಪ್ಪತ್ತೆರಡು ವರ್ಷದ ಅಭ್ಯಾಸ ಸರಿಸಿತು. ಉಸಿರೆಳೆದಳು. ಮೂವತ್ತೊಂದನೇ ಪುಟ ನೆನಪಾಯಿತು. ಮೂತ್ರಪಿಂಡ ಸವೆದ ಬೆಕ್ಕಿನ ಉಚ್ಚೆ ನಾರಬಾರದು. ಪ್ರೋಟೀನು ಇಲ್ಲದೆ ನಾತ ಎಲ್ಲಿಂದ? ಇಷ್ಟೊಂದು ಸಾಯುವ ಬೆಕ್ಕುಗಳಿರುವ ಈ ಶೆಡ್ಡು ನೀರು ಬಿಟ್ಟ ಬಚ್ಚಲಿನಂತಿರಬೇಕಿತ್ತು. ಇದೋ, ಮನುಷ್ಯರು ನಿಲ್ಲಲಾಗದಂತೆ ನಾರುತ್ತಿದೆ.

ಕೆಳಗಿನ ಸಾಲಿನ ಪಂಜರವೊಂದರಿಂದ ಗೊಗ್ಗರು ದನಿಯಲ್ಲಿ ಒಂದು ‘ಮ್ಯಾಂವ್’ ಬಂತು. ಹರಿದ ಕಿವಿ, ದಪ್ಪ ಕೆನ್ನೆ. ಅವನು ಅವಳನ್ನು ನೋಡಿದ, ಗುರುತು ಹಿಡಿದ, ತಿರುಗಿ ಬಾಲ ಎತ್ತಿ ಅವಳ ಸೀರೆಯ ನೆರಿಗೆಯ ಮೇಲೆ ಗುರಿಯಿಟ್ಟು ಹೊಯ್ದ.

ಪಂಜರದ ಮೇಲಿನ ಚೀಟಿಯಲ್ಲಿ ಆ ವಾರದ ಶನಿವಾರದ ತಾರೀಕು ಬರೆದಿತ್ತು.

“ಇದೆಂತ ತಾರೀಕು, ಸೇಸಪ್ಪಣ್ಣ?”

ಅವನು ಪೈಪಿನ ನೀರನ್ನೇ ನೋಡುತ್ತ ಹೇಳಿದ. “ಹತ್ತು ವಾರ ಇಡುದು. ಯಜಮಾನ್ರು ಯಾರಾದ್ರೂ ನೋಡ್ಲಿಕ್ಕೆ ಬಂದ್ರೆ ಅಂತ. ಮತ್ತೆ ಇಂಜೆಕ್ಷನ್. ಈ ಶನಿವಾರ ಎಲ್ಲ ಒಟ್ಟಿಗೆ ಮುಗಿಸ್ಲಿಕ್ಕೆ ಹೇಳಿದ್ದಾರೆ, ಶೆಡ್ ಪೈಂಟ್ ಮಾಡ್ಲಿಕ್ಕುಂಟಂತೆ.”

“ಇಷ್ಟರವರೆಗೆ ಯಾರಾದ್ರೂ ನೋಡ್ಲಿಕ್ಕೆ ಬಂದದ್ದುಂಟಾ?”

“ನೀವೇ ಫಸ್ಟ್.”

ಅವಳು ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ನಾತಕ್ಕೆ ಎಂದು ಹೇಳಿಕೊಳ್ಳಬಹುದಿತ್ತು.

ಮನೆಗೆ ಬಂದು ಸೀರೆ ನೆನೆಸಿಟ್ಟು, ದಿನದ ಕ್ರಮದಂತೆ ಬಿಳಿ ಮರಿಯ ತಟ್ಟೆ ತೊಳೆಯಲು ಕುಳಿತಳು. ಜಜ್ಜಿದ ಬಿಂಬುಳಿ ಕೈಯಲ್ಲಿತ್ತು. ತಟ್ಟೆಯ ಅಂಚಿನ ದೀಪ ಅಂದು ಬೆಳಿಗ್ಗೆ ಹಳದಿಯಿತ್ತು, ಈಗ ಕೆಂಪು. ಎಂಟು ತಿಂಗಳ ಮರಿ. ಪರದೆಯ ಬಳ್ಳಿಗೆ ಜೋತು ಬಿದ್ದು ಆಡುತ್ತಿತ್ತು.

ಅವಳು ಬಿಂಬುಳಿಯನ್ನು ನೋಡಿದಳು. ಆಮೇಲೆ ಎದ್ದು, ಒಂದು ಲೋಟದಲ್ಲಿ ಹಾಲು ತೆಗೆದುಕೊಂಡು ಆ ರಸ ನಾಲ್ಕು ತೊಟ್ಟು ಹಿಂಡಿದಳು. ಹಾಲು ಒಡೆಯಿತು. ಹಾಲಿನಲ್ಲಿರುವುದೂ ಪ್ರೋಟೀನೇ. ತಟ್ಟೆಯ ತಳದ ಪೊರೆಯಲ್ಲಿ ದಿನದಿಂದ ದಿನಕ್ಕೆ ಹುಳಿ ಇಂಗಿ ಕೂತರೆ, ಬಿದ್ದ ಪ್ರೋಟೀನು ಅಲ್ಲೇ ಒಡೆದು ಮೊಸರಾಗುತ್ತದೆ. ಅಳೆಯಲು ಏನೂ ಉಳಿಯುವುದಿಲ್ಲ. ತಟ್ಟೆ ಕೆಂಪು ಎನ್ನುತ್ತದೆ.

ನಕ್ಷೆಯಲ್ಲಿ ಕೆಂಪು ಚುಕ್ಕಿ ಹೆಚ್ಚಿದ್ದ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕೆಲವು ಮನೆಗಳು ಮೂರನೇ ಬೆಕ್ಕಿನಲ್ಲಿದ್ದವು. ಆ ಮನೆಗಳ ನೀರು ಕೆಟ್ಟದಿರಬೇಕು ಎಂದು ಕಂಪನಿಯಲ್ಲಿ ಮಾತಾಡಿಕೊಂಡಿದ್ದರು. ನೀರಲ್ಲ, ಅಲ್ಲಿನ ಹೆಂಗಸರು ಶುಚಿ. ಅವಳ ಹಾಗೆಯೇ ಶುಚಿ.

ಗುರುವಾರ ಬೆಳಿಗ್ಗೆ ಅವಳು ಡಾಕ್ಟರ್ ಸುಧನ್ವನ ಕೋಣೆಗೆ ಎರಡು ತಟ್ಟೆ ಹಿಡಿದು ಹೋದಳು. ಅವನು ಬೆಂಗಳೂರಿನಿಂದ ಬಂದ ವಿಭಾಗದ ಮುಖ್ಯಸ್ಥ, ಮೂವತ್ತೈದರ ಚೊಕ್ಕ ಮನುಷ್ಯ, ಐದು ನಿಮಿಷಕ್ಕೊಮ್ಮೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವವನು. ಸೇಸಪ್ಪಣ್ಣ ಹಿಡಿದುಕೊಟ್ಟ ಗುರಿಕಾರನ ಉಚ್ಚೆ ಸಿರಿಂಜಿನಲ್ಲಿತ್ತು. ಅರ್ಧ ಒಂದು ತಟ್ಟೆಗೆ, ಅರ್ಧ ಇನ್ನೊಂದಕ್ಕೆ ಬಿಟ್ಟಳು. ನೀರಿನಲ್ಲಿ ತೊಳೆದ ಹೊಸ ತಟ್ಟೆ ಹಸಿರಾಯಿತು. ಅವಳ ಮನೆಯದು ಕೆಂಪೇ ಉಳಿಯಿತು. ಕೋಣೆ ತುಂಬ ನಾತ.

“ಅಯ್ಯೋ, ಕಿಟಕಿ ತೆಗೀರಿ ಮೊದ್ಲು” ಎಂದ ಅವನು. ಆಮೇಲೆ ಎರಡೂ ತಟ್ಟೆಗಳನ್ನು ದೂರದಿಂದಲೇ ಬಗ್ಗಿ ನೋಡಿದ. ಮುಖದ ಬಣ್ಣ ಬದಲಾಯಿತು, ಅವನು ದಡ್ಡನಲ್ಲ. “ಏನು ಹಾಕಿ ತೊಳ್ದಿದ್ರಿ ಅಂದ್ರಿ?”

“ಬಿಂಬುಳಿ.”

“ಹಾಗಂದ್ರೇನು?”

ಅವಳು ವ್ಯಾನಿಟಿ ಬ್ಯಾಗಿನಿಂದ ಒಂದು ಕಾಯಿ ತೆಗೆದು ಮೇಜಿನ ಮೇಲಿಟ್ಟಳು. ಅವನು ಮುಟ್ಟಲಿಲ್ಲ.

“ನೋಡಿ ವಾರಿಜಾಕ್ಷಿಯವ್ರೇ, ಒಳ್ಳೇ ಕೆಲ್ಸ ಮಾಡಿದೀರ. ಮುಂದಿನ ತಟ್ಟೆಗಳಿಗೆ ಹುಳಿ ತಡೆಯೋ ಲೇಪ ಹಾಕಿಸ್ತೀನಿ. ಇದನ್ನ ಹೊರಗೆಲ್ಲೂ ಮಾತಾಡೋದು ಬೇಡ.”

“ಶೆಡ್ಡಲ್ಲಿರುವ ಬೆಕ್ಕುಗಳು?”

“ಶನಿವಾರ ಆಗ್ಲೇ ಗೊತ್ತು ಮಾಡಿದೆ.”

“ಅವುಗಳಿಗೆ ಎಂತದೂ ಆಗಿಲ್ಲ ಸಾರ್. ಮನೆಯವರನ್ನು ಕರೆದು ವಾಪಸ್ ಕೊಡುವ.”

“ಇವತ್ತಿನವರೆಗೆ ಒಂದು ಕಂಪ್ಲೇಂಟ್ ಬಂದಿದೆಯಾ? ನೀವೇ ಹೇಳಿ. ಜನ ಖುಷಿಯಾಗಿದಾರೆ. ಯಾರೂ ಬೇಡ ಅಂದಿರೋದನ್ನ ನೀವು ಯಾಕೆ ಕೊಡೋಕೆ ಹೋಗ್ತೀರ?” ಎಂದು ಅವನು ಸ್ಯಾನಿಟೈಸರ್ ಹಿಂಡಿ, ಬೆರಳ ಸಂದಿಗೆಲ್ಲ ನಿಧಾನವಾಗಿ ಹಚ್ಚಿಕೊಂಡ. ಅವಳು ಆ ಕೈಗಳನ್ನೇ ನೋಡುತ್ತ ನಿಂತಳು. ಗುಲಾಬಿಯ ಪರಿಮಳ. ಅದು ಅವಳಿಗೆ ಶೆಡ್ಡಿನ ನಾತಕ್ಕಿಂತ ಹೇಸಿಗೆಯೆನಿಸಿತು.

ಅವನ ಮಾತು ಸುಳ್ಳೆಂದು ತೋರಿಸಬೇಕೆಂಬ ಹಟ ಹುಟ್ಟಿತು. ಮನೆಮನೆಯ ಫೋನು ನಂಬರು ಗಾಜಿನ ಕೋಣೆಯಲ್ಲೇ ಇತ್ತು. ನಲವತ್ತಮೂರರಲ್ಲಿ ಒಂದು ತನ್ನದು, ಉಳಿದ ನಲವತ್ತೆರಡು ಮನೆಗಳಿಗೆ ಅವಳು ಗುರುವಾರ ಮಧ್ಯಾಹ್ನದಿಂದ ಫೋನು ಮಾಡತೊಡಗಿದಳು.

“ತಟ್ಟೆ ಎಂತದ್ರಲ್ಲಿ ತೊಳೀತಿದ್ರಿ ಅಕ್ಕ?”

“ಬಿಂಬುಳಿಯಲ್ಲಿ. ಅಲ್ಲದಿದ್ರೆ ಆ ನಾತ ಹೋಗ್ತದಾ?” ಎಲ್ಲರದೂ ಇದೇ ಉತ್ತರ. ಒಬ್ಬಳು ಮಾತ್ರ ಬಿಂಬುಳಿ ಸಿಗದೆ ಹುಣಸೆಹುಳಿ ಹಾಕಿದ್ದಳು. ನಿಮ್ಮ ಬೆಕ್ಕಿಗೆ ರೋಗವಿಲ್ಲ, ತಟ್ಟೆಯ ತಪ್ಪು, ಶುಕ್ರವಾರ ಸಂಜೆಯೊಳಗೆ ಬಂದರೆ ಕೊಡುತ್ತೇನೆ ಎಂದು ಅವಳು ಹೇಳುತ್ತಿದ್ದಳು.

“ಹೌದಾ? ಪಾಪ” ಎಂದಳು ಒಬ್ಬಳು. “ಆದ್ರೆ ಈಗ ಹೊಸತಕ್ಕೆ ಅಭ್ಯಾಸ ಆಗಿ ಹೋಯ್ತಲ್ಲ.”

“ಅದು ಸೋಫಾಕ್ಕೆಲ್ಲ ಹೊಯ್ತಿತ್ತು ಮಾರಾಯ್ರೆ. ಇದು ಹಾಗೆಲ್ಲ ಇಲ್ಲ” ಎಂದಳು ಇನ್ನೊಬ್ಬಳು.

ಒಬ್ಬ ನಿವೃತ್ತ ಮೇಷ್ಟ್ರು ಬಹಳ ವಿನಯದಿಂದ ಕೇಳಿದರು, “ಅಲ್ಲ ತಂಗೀ, ಇದನ್ನು ನೀವು ನಮಗೆ ಹೇಳದೆ ಇದ್ದಿದ್ರೆ ಆಗ್ತಿರ್ಲಿಲ್ವಾ? ಹೆಂಡತಿ ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ತಾಳೆ.”

ಶುಕ್ರವಾರ ಮಧ್ಯಾಹ್ನದವರೆಗೆ ಬುಟ್ಟಿ ಹಿಡಿದು ಬಂದವರು ಆರು ಮಂದಿ. ಒಬ್ಬಳು ಮುದುಕಿ ಆಟೋದಿಂದ ಇಳಿದು, ಮೂಗು ಮುಚ್ಚದೆ ಒಳಗೆ ಹೋಗಿ, ಬೆಕ್ಕನ್ನು ಎದೆಗವಚಿಕೊಂಡು ಅದೇ ಆಟೋ ಹತ್ತಿದಳು. ಉಳಿದ ಮೂವತ್ತಾರು ಮನೆಗಳವರು ಒಳ್ಳೆಯವರೇ. ಬೀದಿಯಲ್ಲಿ ಯಾರಾದರೂ ಬೆಕ್ಕಿಗೆ ಕಲ್ಲೆಸೆದರೆ ಬೈಯುವವರು. ಅವರಿಗೆ ರೋಗದ ಭಯ ಇರಲೇ ಇಲ್ಲ, ವಾಸನೆಯಿಂದ ಬಿಡುಗಡೆ ಬೇಕಿತ್ತು, ಕೆಂಪು ದೀಪ ಅದಕ್ಕೊಂದು ಮರ್ಯಾದೆಯ ಕಾರಣ ಕೊಟ್ಟಿತ್ತು. ಫೋನು ಕೆಳಗಿಟ್ಟು ವಾರಿಜಾಕ್ಷಿ ಕುಳಿತಲ್ಲೇ ಕುಳಿತಳು. ಅವರೆಲ್ಲರ ಮೇಲೆ ಮೈಯೆಲ್ಲ ಉರಿಯುವಷ್ಟು ಹೇಸಿಗೆ ಬಂತು. ಆಮೇಲೆ, ಕೆಂಪು ಬಂದ ಆ ದಿನ ತನಗೆ ಮೊದಲು ಆದದ್ದು ದುಃಖವೋ ನಿರಾಳವೋ ಎಂದು ತನ್ನನ್ನೇ ಕೇಳಿಕೊಂಡಳು. ನಿರಾಳವೇ. ಗಂಡ ಬರುವ ಮೊದಲೇ ಬುಟ್ಟಿ ಕಳಿಸಬೇಕೆಂದು ಗಡಿಯಾರ ನೋಡಿದ್ದೂ ನೆನಪಿತ್ತು. ಅವಳು ಆ ಮೂವತ್ತಾರು ಜನರ ಜೊತೆಗೆ ಮೂವತ್ತೇಳನೆಯವಳು, ಶೆಡ್ಡಿಗೆ ಕಾಲಿಡುವ ಪ್ರಸಂಗ ಬಂತು ಎಂಬುದೊಂದೇ ವ್ಯತ್ಯಾಸ.

ಗಂಡನಿಗೆ ಫೋನು ಮಾಡಿದಳು.

“ನೋಡಿ, ಐಸ್ ಪ್ಲಾಂಟಿನ ಗಾಡಿ ಖಾಲಿ ಉಂಟಾ?”

“ಉಂಟು. ಯಾಕೆ?”

“ಗುರಿಕಾರನನ್ನು ಕರ್ಕೊಂಡು ಹೋಗ್ಲಿಕ್ಕೆ. ಅವನ ಒಟ್ಟಿಗೆ ಇನ್ನೂ ಮೂವತ್ತಾರು ಇದ್ದಾರೆ.”

ನಾಲ್ಕು ಗಂಟೆಗೆ ಯತೀಂದ್ರ ಗಾಡಿ ತಂದ. ಗೇಟಿನವನಿಗೆ ಸೇಸಪ್ಪಣ್ಣ, “ಪೈಂಟಿನವರ ಗಾಡಿ, ಶೆಡ್ ಖಾಲಿ ಮಾಡ್ಲಿಕ್ಕೆ” ಎಂದ. ಅದರಲ್ಲಿ ಸುಳ್ಳಿರಲಿಲ್ಲ. ಮೀನಿನ ಕ್ರೇಟುಗಳಲ್ಲಿ ಬೆಕ್ಕುಗಳನ್ನು ತುಂಬುವ ಹೊತ್ತಿಗೆ ಮೂವರ ಕೈಯೂ ಗೀರಿ ರಕ್ತ ಬಂದಿತ್ತು, ಮೂವರ ಮೈಯೂ ನಾರುತ್ತಿತ್ತು. ಜನ ಬಿಟ್ಟುಹೋದ ತಗ್ಗಿನ ಬೀದಿಗಳಿಗೆ ಒಯ್ದು ಕ್ರೇಟಿನ ಬಾಯಿ ತೆರೆದರು. ಒಂದೊಂದಾಗಿ ಇಳಿದು, ಗೋಡೆ ಮೂಸಿ, ಬಾಲ ಎತ್ತಿ ಸಹಿ ಹಾಕಿ, ಪಾಳುಮನೆಗಳ ಕಿಟಕಿಗಳಲ್ಲಿ ಮಾಯವಾದವು. ಗುಡ್ಡ ಹತ್ತದೆ ಉಳಿದ ಇಲಿಗಳಿಗೆ ಅಲ್ಲಿ ಬರವಿರಲಿಲ್ಲ. ಗುರಿಕಾರನ ಕ್ರೇಟನ್ನು ಯತೀಂದ್ರ ತೆರೆಯಲಿಲ್ಲ, ಮಗ್ಗುಲಲ್ಲಿಟ್ಟುಕೊಂಡೇ ಮನೆಯವರೆಗೆ ಗಾಡಿ ಬಿಟ್ಟ.

ಸೋಮವಾರ ಅವಳಿಗೆ ಕೆಲಸವಿರಲಿಲ್ಲ, ಸೇಸಪ್ಪಣ್ಣನಿಗೂ ಇರಲಿಲ್ಲ. ಅವನನ್ನು ಐಸ್ ಪ್ಲಾಂಟಿಗೆ ಸೇರಿಸಿಕೊಂಡರು. ಅವಳು ಹಳೆಯ ಆಸ್ಪತ್ರೆಯ ಮೂತ್ರದ ಬಾಟಲಿಗಳಿಗೇ ಹಿಂದಿರುಗಿದಳು. ಕಂಪನಿ ಹುಳಿ ತಡೆಯುವ ತಟ್ಟೆ ತಂದಿತು, ಹಳೆಯದನ್ನು ಕೊಟ್ಟು ಕೊಳ್ಳಿರೆಂದು. ಜನ ಕೊಂಡರು.

ಗುರಿಕಾರ ಮಾತ್ರ ಅವಳನ್ನು ಕ್ಷಮಿಸಲಿಲ್ಲ. ಗಂಡನ ದಿಂಬಿನ ಮೇಲೆ ಮಲಗುತ್ತಿದ್ದ, ಅವಳ ದಿಂಬಿನ ಮೇಲೆ ಹೊಯ್ಯುತ್ತಿದ್ದ. ಬಿಳಿ ಮರಿಗೆ ಇಲಿ ಹಿಡಿಯುವುದನ್ನು ಕಲಿಸಿದ. ಕಂಪನಿಯ ತಟ್ಟೆಯನ್ನು ಅವಳು ಹೊರಗೆಸೆದಿದ್ದಳು. ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕಡಲ ದಂಡೆಯ ಹೊಯಿಗೆ ಹಾಕಿಟ್ಟು, ದಿನಾ ಬೆಳಿಗ್ಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೂಸುತ್ತಿದ್ದಳು. “ಥೂ, ದರಿದ್ರದವನೇ” ಎಂದು ಎದ್ದು ಹೋಗಿ ಹಗುರ ಮನಸ್ಸಿನಿಂದ ಚಹಾಕ್ಕೆ ನೀರಿಡುತ್ತಿದ್ದಳು. ಅವಳಿಗೆ ಆ ನಾತದ ಮೇಲೆ ಪ್ರೀತಿ ಹುಟ್ಟಿತೆಂದು ಯಾರೂ ತಿಳಿಯಬಾರದು. ಹೇಸಿಗೆ ಕೊನೆಯವರೆಗೂ ಹೇಸಿಗೆಯೇ.

ಹೀಗೆ ಐದು ವರ್ಷ ಕಳೆಯಿತು. ಗುರಿಕಾರನ ಕೆನ್ನೆ ಇಳಿದಿತ್ತು, ಸೋಫಾ ಹತ್ತಲು ಎರಡು ಸಲ ಯೋಚಿಸುತ್ತಿದ್ದ. ಒಂದು ಬೆಳಿಗ್ಗೆ ಅವಳು ಬೋಗುಣಿಯ ಮುಂದೆ ಕುಳಿತಳು. ಹೊಯಿಗೆ ಒದ್ದೆಯಿತ್ತು, ಎಂದಿಗಿಂತ ಹೆಚ್ಚೇ ಒದ್ದೆಯಿತ್ತು. ಬಗ್ಗಿದಳು. ಇನ್ನೂ ಬಗ್ಗಿದಳು. ಶೀತವಾಗಿ ಮೂಗು ಕಟ್ಟಿರಬೇಕೆಂದು ಎದ್ದು ಹೋಗಿ ಮೂಗು ತೊಳೆದು, ಅಡುಗೆಮನೆಯಲ್ಲಿ ಇಂಗಿನ ಡಬ್ಬಿ ಮೂಸಿ ನೋಡಿ ಬಂದಳು. ಇಂಗು ಘಮ್ಮೆನ್ನುತ್ತಿತ್ತು. ಮತ್ತೆ ಕುಳಿತು, ಒದ್ದೆ ಹೊಯಿಗೆಯನ್ನು ಬರಿಗೈಯಲ್ಲಿ ಹಿಡಿ ತುಂಬ ಎತ್ತಿ ಮೂಗಿಗೆ ಒತ್ತಿಕೊಂಡಳು.

ಏನೂ ಇರಲಿಲ್ಲ. ಮಳೆಗೆ ನೆನೆದ ಹೊಯಿಗೆಯ ಹಾಗಿತ್ತು.

ಯತೀಂದ್ರ ಹಲ್ಲುಜ್ಜುತ್ತ ಬಂದು ಬಾಗಿಲಲ್ಲಿ ನಿಂತ. “ಎಂತ, ಇವತ್ತು ಬೈಗುಳ ಕೇಳ್ಲಿಲ್ಲ?”

ಅವಳು ತಿರುಗಲಿಲ್ಲ. ಗುರಿಕಾರ ನಿಧಾನವಾಗಿ ನಡೆದುಬಂದು, ಎಂದೂ ಇಲ್ಲದ ಹಾಗೆ ಅವಳ ಮೊಣಕಾಲಿಗೆ ತಲೆ ತಾಗಿಸಿದ.

“ಒಂದು ಸಲ ಹೊಯ್ಯಿ ಮಾರಾಯ” ಎಂದಳು ಅವಳು ಅವನಿಗೆ, “ನನ್ನ ಸೀರೆಗೇ ಹೊಯ್ಯಿ, ಆಯ್ತಾ.”